ಹಗ್ಗ ಹಿಡಿಯುವ ಬಟನ್

ದೇರೆಬೈಲ್, ಮಂಗಳೂರು
9 ನವೆಂಬರ್ 2025

ಶೈಲೇಶಾ,

ಸಮುದ್ರದ ಮೇಲೆ ಕ್ಷೇಮವಾಗಿದ್ದೀ ಎಂದುಕೊಂಡಿದ್ದೇನೆ. ಮೊನ್ನೆ ನಿನ್ನ ಅಮ್ಮ ಕುಶಲಾ ಶಕ್ತಿನಗರದಿಂದ ಬಂದಿದ್ದರು. ಹಡಗಿನ ಇಂಟರ್‌ನೆಟ್ಟಿನಲ್ಲಿ ವಿಡಿಯೋ ಹಾಗಿರಲಿ, ಒಂದು ಫೋಟೋ ಕೂಡ ನೆಟ್ಟಗೆ ಹೋಗುವುದಿಲ್ಲ, ಬರೀ ಅಕ್ಷರ ಮಾತ್ರ ತಲುಪುತ್ತದೆ ಎಂದರು. ನನಗೆ ಅದೇ ಅನುಕೂಲ. ಜೀವಮಾನವಿಡೀ ಗಣಿತ ಕಲಿಸಿದವನಿಗೆ ಫೋನಿನಲ್ಲಿ ಅರ್ಧರ್ಧ ವಾಕ್ಯ ಎಸೆಯುವುದು ಒಗ್ಗುವುದಿಲ್ಲ. ಮೇಲ್‌ನಲ್ಲಿ ಬಂದರೂ ಇದನ್ನು ಪತ್ರವೆಂದೇ ಓದು.

ವಿಷಯಕ್ಕೆ ಬರುತ್ತೇನೆ. ನಿನ್ನ ಲಿನಕ್ಸ್ ಕೈಕೊಟ್ಟಿತು. ಮೇ ತಿಂಗಳ ರಜೆಯಲ್ಲಿ ಬಂದಾಗ, ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಿಡಿಸುವುದಿಲ್ಲವೆಂದು ಇದನ್ನು ಹಾಕಿಕೊಟ್ಟು ಹೋದವನು ನೀನು. "ಇದು ಯಾರ ಸೊತ್ತೂ ಅಲ್ಲ ಮಾಷ್ಟ್ರೇ, ಎಲ್ಲರದ್ದೂ" ಎಂದು ದೊಡ್ಡ ಭಾಷಣ ಮಾಡಿದ್ದೆ. ಕಳೆದ ವಾರ ಅದು ಅಪ್‌ಡೇಟ್ ಬೇಕೆಂದು ಕೇಳಿತು. ನಾನು ವಿಧೇಯ ವಿದ್ಯಾರ್ಥಿಯಂತೆ ಆಗಲಿ ಎಂದೆ. ಪರದೆ ಕಪ್ಪಾಯಿತು. ಬಲ್ಮಠದ ಕಂಪ್ಯೂಟರ್ ಅಂಗಡಿಯ ಇವಾನ್ ಬಂದು, ಗೊಣಗುತ್ತಾ, ಹೇಗೋ ಬದುಕಿಸಿಕೊಟ್ಟ.

ಪರದೆ ಬಂತು. ಆದರೆ ಅಭಿರಾಮನ ಹಗ್ಗದ ಬಟನ್ ಅಂದಿನಿಂದ ಸರಿಯಿಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆದರೆ ನನ್ನ ತಲೆಯೂ ತಿಳಿಯಾಗುತ್ತದೆ. ಸ್ನಾಯು ಕರಗುವ ಆ ಕಾಯಿಲೆ ನನ್ನ ಮಗನಿಗೆ ಉಳಿಸಿದ್ದು ಬಲಗೈಯ ಎರಡು ಬೆರಳು, ಒಂದಿಷ್ಟು ಕುತ್ತಿಗೆ. ಎರಡು ಬೆರಳಿಗೆ ನೀನು ಎರಡು ಬಟನ್ ಮಾಡಿಕೊಟ್ಟೆ, ಗದ್ದಕ್ಕೆ ಒಂದು ಕಡ್ಡಿ. ಅಷ್ಟರಲ್ಲಿ ಅವನು ಪ್ರತಿ ಸಂಜೆ ಕಂಪ್ಯೂಟರ್ ಆಟದಲ್ಲಿ ಹಿಮದ ಗುಡ್ಡ ಹತ್ತುತ್ತಾನೆ. ತಂತಮ್ಮ ಮನೆಯಿಂದಲೇ ಜೊತೆಗೂಡಿ ಆಡುವ ನಾಲ್ವರಿಗೂ ಒಂದೇ ಹಗ್ಗ. ಮೂವರು ಹತ್ತುವಾಗ ಒಬ್ಬ ಮೇಲೆ ಕೂತು ಹಗ್ಗ ಹಿಡಿಯಬೇಕು. ಬಟನ್ ಒತ್ತಿದಷ್ಟು ಹೊತ್ತು ಹಗ್ಗ ಬಿಗಿ, ಬಿಟ್ಟರೆ ಕೆಳಗಿನವರು ಹೋದರು. ಹಿಡಿಯುವವನು ಯಾವಾಗಲೂ ಅಭಿ.

ಗುರುವಾರ ಮೂವರೂ ಬಿದ್ದರು. ಸ್ಪೀಕರಿನಲ್ಲಿ ಆ ನತಾಶಾ ಎಂಬ ಹುಡುಗಿ, ನಿಮ್ಮ ಶಕ್ತಿನಗರದವಳೇ, ಕೂಗಿದಳು: "ಅಭೀ, ಎಂತಾಯ್ತು ಮಾರಾಯ? ಬಿಟ್ಟದ್ದು ಯಾಕೆ?"

"ಲ್ಯಾಗ್ ಮಾರಾಯ್ತಿ. ಕಂಪ್ಯೂಟರ್ ಸರಿ ಇಲ್ಲ" ಎಂದ ಅಭಿ. ಒತ್ತಿದ್ದು ಆಟಕ್ಕೆ ತಡವಾಗಿ ಮುಟ್ಟುವುದಕ್ಕೆ ಅವರು ಹಾಗೆನ್ನುತ್ತಾರೆ.

ನೀನು ಹೋಗುವಾಗ ಆಟಕ್ಕೆಂದೇ ಮಾಡಿದ ಇನ್ನೊಂದು ಬಗೆಯ ಲಿನಕ್ಸ್ ಉಂಟು, ಯಾರು ಏನು ಮಾಡಿದರೂ ಅದು ಕೆಡುವುದಿಲ್ಲ ಎಂದಿದ್ದೆ. ಇಮ್ಯೂಟೆಬಲ್ ಎಂದ ನೆನಪು. ಬದಲಾಗದ್ದು ಎಂದು ನಾನು ಅರ್ಥ ಮಾಡಿಕೊಂಡೆ. ಅದನ್ನು ಹಾಕುವುದೋ, ಇದನ್ನೇ ಇಟ್ಟುಕೊಳ್ಳುವುದೋ? ಬೇಗ ಬರೆ.

ಬಾಲಚಂದ್ರ


ಹಡಗಿನಿಂದ, ಸಿಂಗಾಪುರ ದಾಟಿದ ಮೇಲೆ
16 ನವೆಂಬರ್ 2025

ಮಾಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಓದುವಾಗ ಹೈಸ್ಕೂಲು ನೆನಪಾಯಿತು. ನನ್ನ ಉತ್ತರ ಸರಿ ಇದ್ದರೂ ನೀವು ಕೆಂಪು ಶಾಯಿಯಲ್ಲಿ "ಹಂತಗಳೆಲ್ಲಿ?" ಎಂದು ಬರೆದು ಅಂಕ ಕಡಿಯುತ್ತಿದ್ದಿರಿ. ಈಗ ಹಡಗಿನ ವಯರಿಂಗ್ ನೋಡುವಾಗಲೂ ಆ ಕೆಂಪು ಶಾಯಿ ಕಣ್ಣಮುಂದೆ ಬರುತ್ತದೆ. ಹಾಗಾಗಿ ಹಂತ ಬಿಡದೆ ಬರೆಯುತ್ತೇನೆ.

ಈಗ ಇರುವುದು ಹಳೇ ಕ್ರಮದ ಲಿನಕ್ಸ್. ನಮ್ಮ ಮನೆಯ ಅಡುಗೆಕೋಣೆಯ ಹಾಗೆ. ಯಾರು ಬೇಕಾದರೂ ಒಳಗೆ ಬಂದು ಡಬ್ಬಿ ಆಚೀಚೆ ಮಾಡಬಹುದು. ಅನುಕೂಲವೂ ಹೌದು, ಒಂದು ದಿನ ಉಪ್ಪಿನ ಜಾಗದಲ್ಲಿ ಸಕ್ಕರೆ ಸಿಗುವುದೂ ಹೌದು. ಇನ್ನೊಂದು ಬಗೆಯದ್ದು ನಿಮ್ಮ ದೇವಸ್ಥಾನದ ಗರ್ಭಗುಡಿಯ ಹಾಗೆ. ಒಳಗಿನದ್ದನ್ನು ಮುಟ್ಟುವಂತಿಲ್ಲ. ಆಟ, ಪ್ರೋಗ್ರಾಂ ಎಲ್ಲ ಹೊರಗಿನ ಅಂಗಳದಲ್ಲಿ. ಅಪ್‌ಡೇಟ್ ಬಂದರೆ ಒಳಗಿನದ್ದು ಇಡಿಯಾಗಿ ಹೊಸದು ಬರುತ್ತದೆ, ಹಳೆಯದು ಪಕ್ಕದಲ್ಲೇ ಇರುತ್ತದೆ. ಹೊಸದು ಕೆಟ್ಟರೆ, ಕಂಪ್ಯೂಟರ್ ಶುರುವಾಗುವಾಗ ಬರುವ ಪಟ್ಟಿಯಲ್ಲಿ ಹಳೆಯದನ್ನು ಆರಿಸಿ ನಿನ್ನೆ ಹೇಗಿತ್ತೋ ಹಾಗೆ ಮಾಡಿಕೊಳ್ಳಬಹುದು.

ಹಾಗಾದರೆ ಮೇ ತಿಂಗಳಲ್ಲಿ ಅದನ್ನೇ ಯಾಕೆ ಹಾಕಲಿಲ್ಲ ಎಂದು ಕೇಳುತ್ತೀರಿ. ಅಭಿಯ ಬಟನ್‌ಗೆಂದು ನಾನು ಬರೆದ ಪ್ರೋಗ್ರಾಂ ಒಳಗೆ ಕೂರಬೇಕಿತ್ತು. ಅಡುಗೆಕೋಣೆಯಾದರೆ ಕೈ ಹಾಕಲು ಸುಲಭ. ಗರ್ಭಗುಡಿಯಾದರೆ ಪ್ರತಿಯೊಂದಕ್ಕೂ ಸುತ್ತುದಾರಿ.

ಆರಿಸುವ ಮೊದಲು ಒಂದು ಕೆಲಸ. ನನ್ನ ಫೋಲ್ಡರಿನಲ್ಲಿ ‘ಪರೀಕ್ಷೆ’ ಎಂಬ ಪ್ರೋಗ್ರಾಂ ಉಂಟು. ಅದನ್ನು ತೆರೆದು ಅಭಿ ಹಗ್ಗದ ಬಟನ್ ಒತ್ತುತ್ತಾ ಹೋಗಲಿ. ಎಷ್ಟು ಬಲದಿಂದ, ಎಷ್ಟು ಹೊತ್ತು ಒತ್ತಿದ್ದು ಎಂದು ಅದು ಸಾಲುಸಾಲಾಗಿ ಬರೆದಿಡುತ್ತದೆ, ಒತ್ತು ತಲುಪದಿದ್ದರೆ ಆ ಸಾಲನ್ನು ಖಾಲಿ ಬಿಡುತ್ತದೆ. ಆ ಫೈಲನ್ನು ಕಳಿಸಿ. ಬರೀ ಅಕ್ಷರ, ಹಡಗಿಗೆ ಬರುತ್ತದೆ.

ಮತ್ತೆ, ಅಭಿ ಬೇರೆ ಏನಾದರೂ ಹೇಳಿದನೇ?

ಶೈಲೇಶ್


ದೇರೆಬೈಲ್
21 ನವೆಂಬರ್ 2025

ಶೈಲೇಶಾ,

ಪರೀಕ್ಷೆ ಮುಗಿಯಿತು. ಫೈಲು ಇದರ ಜೊತೆಗೇ ಉಂಟು. ಒಂದು ಸಾಲೂ ಖಾಲಿ ಇಲ್ಲ, ನೂರಕ್ಕೆ ನೂರು. ಬಟನ್ ಸರಿ ಇದೆ. ಹಾಗಾದರೆ ದೋಷ ಕಂಪ್ಯೂಟರಿನ ಒಳಗೇ ಇರಬೇಕು, ಇದಕ್ಕೆ ಹಂತ ಬರೆಯಬೇಕಾಗಿಲ್ಲ.

ಅಭಿ ಬೇರೆ ಏನಾದರೂ ಹೇಳಿದನೇ ಎಂದು ಕೇಳಿದ್ದೀ. ಏನು ಹೇಳಬೇಕಿತ್ತು? ಲ್ಯಾಗ್ ಎನ್ನುತ್ತಾನೆ, ಅಷ್ಟೇ.

ನಿನ್ನೆಯೂ ಬಿದ್ದರು. ಮೊನ್ನೆಯೂ. ನತಾಶಾ ಈಗ ಕೂಗುವುದಿಲ್ಲ. "ಪರವಾಗಿಲ್ಲ ಅಭಿ, ಪುನಃ ಹತ್ತುವ" ಎನ್ನುತ್ತಾಳೆ. ಕೂಗುತ್ತಿದ್ದಾಗಲೇ ಒಳ್ಳೆಯದಿತ್ತು. ಇನ್ನಿಬ್ಬರು ಹುಡುಗರು ನಿನ್ನೆ ಬರಲೇ ಇಲ್ಲ, ಪರೀಕ್ಷೆ ಉಂಟಂತೆ. ನವೆಂಬರಿನಲ್ಲಿ ಎಂಥ ಪರೀಕ್ಷೆಯೋ ನಾನರಿಯೆ.

ಗಿರಿಜಾ ಮಗನ ತಲೆ ಸವರಿ, "ಬೇರೆ ಸುಲಭದ ಆಟ ಆಡು ಮಗಾ, ಇದೇ ಆಗ್ಬೇಕೂಂತ ಎಂತ ಉಂಟು?" ಎಂದಳು. ಗಂಜಿ ತಂದರೆ ಅವನು ಬಾಯಿ ತೆರೆಯಲಿಲ್ಲ. ಅವಳು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು.

ನನಗೆ ಭಯವಾಗುತ್ತಿದೆ ಶೈಲೇಶಾ, ನೇರವಾಗಿ ಹೇಳುತ್ತೇನೆ. ಅವನು ನಡೆಯುತ್ತಿದ್ದದ್ದು ಹೇಗೆ ಎಂದು ನನಗೇ ಈಗ ನೆನಪಿಗೆ ತಂದುಕೊಳ್ಳಬೇಕು. ಆ ಗುಡ್ಡದ ಮೇಲೆ ಮಾತ್ರ ಅವನು ನಿಲ್ಲುತ್ತಾನೆ, ಅಲ್ಲಿ ಮಾತ್ರ ಬೇರೆಯವರು ಅವನನ್ನು ನೆಚ್ಚಿಕೊಂಡಿರುತ್ತಾರೆ. ಉಳಿದೆಡೆಯೆಲ್ಲ ಅವನೇ ನಮ್ಮನ್ನು ನೆಚ್ಚಿಕೊಂಡವನು. ಅದೂ ಹೋದರೆ ಅವನಿಗೆ ಸಂಜೆ ಎಂಬುದೇ ಇರುವುದಿಲ್ಲ.

ಗರ್ಭಗುಡಿಯದ್ದನ್ನೇ ಹಾಕೋಣ. ಹೇಗೆಂದು ಬರೆ. ನಾನು ಕಲಿಯುತ್ತೇನೆ.

ಬಾಲಚಂದ್ರ


ಹಡಗಿನಿಂದ
2 ಡಿಸೆಂಬರ್ 2025

ಮಾಷ್ಟ್ರೇ,

ಬಂದರಿನಲ್ಲಿ ಕೆಲಸ ಹೆಚ್ಚಿದ್ದರಿಂದ ತಡವಾಯಿತು, ಬೈಯಬೇಡಿ.

ಫೈಲು ನೋಡಿ ನನಗೆ ಎಷ್ಟು ಸಮಾಧಾನವಾಯಿತು ಎಂದು ಬರೆದು ತಿಳಿಸಲಾರೆ. ಒಂದೊಂದು ಸಾಲೂ ಗಟ್ಟಿ. ನಾನು ಬೇರೆ ಏನೋ ಹೆದರಿದ್ದೆ, ಅದು ಬಿಡಿ. ಬಟನ್ ಸರಿ, ವಯರ್ ಸರಿ, ಒತ್ತುವವನೂ ಸರಿ. ಅಪ್‌ಡೇಟ್ ಆದಾಗ ನನ್ನ ಪ್ರೋಗ್ರಾಂ ಮತ್ತು ಆಟದ ನಡುವೆ ಏನೋ ಕಡಿದುಹೋಗಿರಬೇಕು.

ನೀವು ಹೇಳಿದಂತೆ ಬದಲಾಗದ್ದನ್ನೇ ಹಾಕಿ. ಮೊದಲು ಅಭಿಯ ಫೋಲ್ಡರ್ ಪೂರ್ತಿ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಮರೆಯಬೇಡಿ, ಅವನು ಹತ್ತಿದ ದಾರಿಯೆಲ್ಲ ಅದರಲ್ಲೇ ಉಂಟು. ಪೆನ್‌ಡ್ರೈವ್ ಸಿದ್ಧಮಾಡಲು ನತಾಶಾಳನ್ನು ಕರೆಯಿರಿ. ನನ್ನ ಪ್ರೋಗ್ರಾಂ ಹೊರಗಿನ ಅಂಗಳದಲ್ಲೇ ಕೂತು ಕೆಲಸ ಮಾಡುವಂತೆ ಬದಲಿಸಿ ಕೆಳಗೆ ಬರೆದಿದ್ದೇನೆ. ಒಂದಕ್ಷರ ಬಿಡದೆ ಹಾಗೆಯೇ ನಕಲು ಮಾಡಿ.

ಅಭಿಗೆ ಹೇಳಿ, ಈ ಸಲ ಹಗ್ಗ ಬಿಡುವುದಿಲ್ಲ ಎಂದು.

ಶೈಲೇಶ್


ದೇರೆಬೈಲ್
10 ಡಿಸೆಂಬರ್ 2025

ಶೈಲೇಶಾ,

ನಿನ್ನ ಗರ್ಭಗುಡಿ ಹಾಕಿ ಆಯಿತು. ನತಾಶಾ ಬಸ್ಸಿಳಿದು ಬಂದವಳು ಚಪ್ಪಲಿ ಕಳಚಿ ನೇರ ಅಭಿಯ ಕೋಣೆಗೆ ಹೋಗಿ, "ಓ, ನೀನು ಇಷ್ಟೇ ಉದ್ದವಾ?" ಎಂದು ಕೇಳಿದಳು. ಇಬ್ಬರೂ ನಕ್ಕರು. ಗಿರಿಜಾ ಅಡುಗೆಕೋಣೆಯಲ್ಲಿ ಅತ್ತಳು, ಯಾಕೆಂದು ನಾನು ಕೇಳಲಿಲ್ಲ.

ಮೊದಲ ಸಂಜೆ ಹಗ್ಗ ನಿಂತಿತು. ಆ ಇಬ್ಬರು ಹುಡುಗರೂ ಬಂದಿದ್ದರು. ನಾನು ದೇವರ ಕೋಣೆಯಲ್ಲಿ ದೀಪ ಹಚ್ಚಿ ಬಂದು ನೋಡುವಾಗ ನಾಲ್ವರೂ ಗುಡ್ಡದ ಹೆಗಲ ಮೇಲಿದ್ದರು. ಆ ಒಂದು ಸಂಜೆಗಾಗಿ ನಿನಗೆ ಋಣಿ.

ಮರುದಿನ ಬಿದ್ದರು.

ನಾನು ಶುರುವಿನ ಪಟ್ಟಿಯಲ್ಲಿ ನಿನ್ನೆಯದನ್ನು ಆರಿಸಿದೆ. ನಿನ್ನೆಗೆ ಹೋಯಿತು. ಆದರೂ ಬಿದ್ದರು. ಅದಕ್ಕಿಂತ ಹಿಂದಿನದನ್ನು ಆರಿಸಿದೆ. ಬಿದ್ದರು. ಎಲ್ಲವನ್ನೂ ಅಳಿಸಿ ಹಳೇ ಕ್ರಮದ್ದನ್ನು ಹಾಕಿದೆ, ಮತ್ತೆ ಅದನ್ನು ಅಳಿಸಿ ಬದಲಾಗದ್ದನ್ನು ಹಾಕಿದೆ. ಯಾರೋ ಎಲ್ಲೋ ಬರೆದಿದ್ದರೆಂದು ಮೂರನೆಯ ಯಾವುದನ್ನೋ ಹಾಕಿದೆ. ಈ ಗಡಿಬಿಡಿಯಲ್ಲಿ ಒಂದು ಸಲ ಅಭಿಯ ಫೋಲ್ಡರ್ ನಕಲು ಮಾಡಿಟ್ಟಿದ್ದ ಡಿಸ್ಕನ್ನೇ ಅಳಿಸಿಬಿಟ್ಟೆ. ಅವನು ಇಷ್ಟು ಕಾಲ ಹತ್ತಿದ ದಾರಿ ಪೂರ್ತಿ ಹೋಯಿತು. ನಾನು ತಲೆಮೇಲೆ ಕೈಹೊತ್ತು ಕೂತರೆ ಅವನೇ, "ಪರವಾಗಿಲ್ಲ ಅಪ್ಪ, ದಾರಿ ನನಗೆ ಬಾಯಿಪಾಠ ಉಂಟು" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇವಾನ್ ಈಗ ನನ್ನ ಫೋನು ಎತ್ತುವುದಿಲ್ಲ. ನೀನು ಪತ್ರಕ್ಕೆ ವಾರಗಟ್ಟಲೆ ತೆಗೆದುಕೊಳ್ಳುತ್ತೀ. ಕೆಡುವುದೇ ಇಲ್ಲ ಎಂದವನು ನೀನು. ಕೆಡುವುದಿಲ್ಲವಾದರೆ ನನ್ನ ಮಗನ ಕೈಯಿಂದ ಹಗ್ಗ ಜಾರುವುದು ಯಾಕೆ? ಹಳೆಯದೋ ಹೊಸದೋ, ಒಂದೇ ಒಂದನ್ನು ಹೇಳು. ಇನ್ನು ಅಡುಗೆಕೋಣೆ, ಅಂಗಳ ಎಂದು ಕಥೆ ಹೇಳಬೇಡ. ನನಗೆ ಸಾಕಾಗಿದೆ.

ಬಾಲಚಂದ್ರ


ಹಡಗಿನಿಂದ
19 ಡಿಸೆಂಬರ್ 2025

ಮಾಷ್ಟ್ರೇ,

ನಿಮ್ಮ ಸಿಟ್ಟು ನ್ಯಾಯವೇ. ಪತ್ರ ಓದಿದ ಮೇಲೆ ನೀವು ಕಳಿಸಿದ ಪರೀಕ್ಷೆಯ ಫೈಲನ್ನು ಮತ್ತೆ ತೆರೆದೆ. ಮೇ ತಿಂಗಳಲ್ಲಿ ಅಭಿ ಒತ್ತಿದ ಫೈಲೂ ನನ್ನ ಬಳಿ ಉಂಟು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಇದನ್ನು ನಾನು ಮೊದಲೇ ಮಾಡಬೇಕಿತ್ತು. ಒಳ್ಳೆಯ ಸುದ್ದಿ ಎಂದು ಹಂತ ಬಿಟ್ಟು ಉತ್ತರಕ್ಕೆ ಹಾರಿದೆ.

ಮೇ ತಿಂಗಳ ಫೈಲಿನಲ್ಲಿ ಒತ್ತಿದ್ದು ಹಗುರ, ನಡುನಡುವೆ ನಡುಕ, ಕೊನೆಕೊನೆಗೆ ಆಯಾಸ. ನೀವು ಕಳಿಸಿದ್ದರಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಬಲ. ಅದೂ ಮೇ ತಿಂಗಳಿಗಿಂತ ಎಷ್ಟೋ ಪಾಲು ಗಟ್ಟಿ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ರಜೆಯಲ್ಲಿ ಬಟನ್ ಮಾಡುವಾಗ ಅಭಿ ಮತ್ತೆ ಮತ್ತೆ ಹೇಳಿದ್ದ: "ಇನ್ನೂ ಹಗುರ ಮಾಡು ಶೈಲೇಶಣ್ಣ. ಅಪ್ಪನಿಗೆ ಹೇಳ್ಬೇಡ." ನಾನು ಮಾಡುತ್ತಾ ಹೋದೆ. ಈಗ ಅದು ಎಷ್ಟು ಹಗುರ ಉಂಟೆಂದರೆ, ಇನ್ನೂ ಇಳಿಸಿದರೆ ಫ್ಯಾನಿನ ಗಾಳಿಗೇ ಒತ್ತಿಕೊಳ್ಳುತ್ತದೆ. ಮಾತು ಕೊಟ್ಟಿದ್ದೆ, ಹಾಗಾಗಿ ನಿಮಗೆ ಹೇಳಲಿಲ್ಲ.

ಮಾಷ್ಟ್ರೇ, ಆ ಪರೀಕ್ಷೆಯಲ್ಲಿ ಒತ್ತಿದ್ದು ಯಾರು?

ಶೈಲೇಶ್


ದೇರೆಬೈಲ್
11 ಜನವರಿ 2026

ಶೈಲೇಶಾ,

ಒತ್ತಿದ್ದು ನಾನು.

ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು. ನಡುವೆ ನೀನು ಬರೆದ ಎರಡು ಸಾಲಿನ ಪತ್ರಗಳು ಬಂದಿವೆ, ಉತ್ತರಿಸಲಿಲ್ಲ.

ನೀನು ಹೇಳಿದಂತೆ ನವೆಂಬರಿನಲ್ಲೇ ಒಂದು ಸಂಜೆ ಪರೀಕ್ಷೆ ತೆರೆದಿದ್ದೆ. ಅಭಿ ಬೆರಳಿಟ್ಟ. ಪರದೆ ಖಾಲಿ. ಬೆರಳು ಬಟನ್ ಮೇಲೆಯೇ ಇತ್ತು, ಉಗುರಿನ ಬಣ್ಣವೂ ಬದಲಾಗಲಿಲ್ಲ. ಅವನು ಗೋಡೆ ನೋಡಿದ, ನಾನು ಪರದೆ ನೋಡಿದೆ. "ಬೆಳಿಗ್ಗೆ ಮಾಡುವ ಅಪ್ಪ, ಈಗ ಸುಸ್ತು" ಎಂದ. ಬೆಳಿಗ್ಗೆ ಗಿರಿಜಾ ಅವನಿಗೆ ಸ್ನಾನ ಮಾಡಿಸುತ್ತಿದ್ದಾಗ ನಾನು ಕೂತು ಒತ್ತಿದೆ. ಶಾಲೆಯಲ್ಲಿ ಒಬ್ಬನಿಗೂ ಅರ್ಧ ಅಂಕ ಸುಳ್ಳು ಕೊಟ್ಟವನಲ್ಲ ನಾನು. ನನ್ನ ಮಗನ ಉತ್ತರಪತ್ರಿಕೆಯನ್ನು ನಾನೇ ಬರೆದೆ.

ಮೋಸ ಮಾಡುತ್ತಿದ್ದೇನೆ ಎಂದು ಆಗ ಅನಿಸಲಿಲ್ಲ. ಬಟನ್ ಸರಿ ಉಂಟೋ ಎಂದು ನೋಡುತ್ತಿದ್ದೇನೆ ಎಂದುಕೊಂಡೆ. ಸರಿ ಇತ್ತು. ಸರಿ ಇರುವುದನ್ನು ಕಂಡು ನನಗೆ ಸಂತೋಷವೂ ಆಯಿತು, ನೋಡು.

ನಿನ್ನ ಡಿಸೆಂಬರಿನ ಪತ್ರ ಬಂದಾಗ ನಾನು ಅಭಿಯ ಕಂಪ್ಯೂಟರಿಗೆ ಮತ್ತೊಂದು ಸಲ ಹಳೇ ಕ್ರಮದ್ದನ್ನು ಹಾಕಿ ಅದರೆದುರೇ ಕೂತಿದ್ದೆ. ಅಲ್ಲೇ ತೆರೆದೆ. ಅವನ ಗಾಲಿಕುರ್ಚಿ ನನ್ನ ಬೆನ್ನ ಹಿಂದೆ ಇತ್ತು. ಅವನು ನನಗಿಂತ ಬೇಗ ಓದುತ್ತಾನೆ. ನಾನು ಕೊನೆಯ ಸಾಲಿಗೆ ಬರುವ ಮೊದಲೇ ಅವನ ಧ್ವನಿ ಕೇಳಿಸಿತು.

"ನನಗೆ ಗೊತ್ತಿತ್ತು ಅಪ್ಪ. ನೀವು ಒತ್ತುವಾಗ ಟಕ್ ಟಕ್ ಅಂತ ಬಚ್ಚಲಿಗೆ ಕೇಳ್ತಾ ಇತ್ತು."

ನನಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. "ಮತ್ತೆ ಹೇಳ್ಲಿಲ್ಲ ಯಾಕೆ?" ಎಂದು ಕೇಳಿದೆ.

"ಲಿನಕ್ಸ್ ಸರಿ ಇಲ್ಲಾಂತಾದ್ರೆ ನಿಮಗೆ ಮಾಡ್ಲಿಕ್ಕೆ ಎಂತಾದ್ರೂ ಉಂಟು. ನನ್ನ ಬೆರಳೇ ಸರಿ ಇಲ್ಲಾಂತಾದ್ರೆ ನೀವು ಎಂತ ಮಾಡುದು? ಅದಕ್ಕೆ ಲ್ಯಾಗ್ ಅಂದೆ. ನೀವು ದಿನಾ ಬಂದು ಇಲ್ಲಿ ಕೂತ್ಕೊಳ್ತಾ ಇದ್ರಿ, ಬೈತಾ ಇದ್ರಿ, ಪುನಃ ಹಾಕ್ತಾ ಇದ್ರಿ. ಅದು ನಂಗೆ ಇಷ್ಟ ಆಗ್ತಿತ್ತು."

ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಬರೆದರೆ ನನ್ನಿಂದ ಮುಗಿಸಲು ಆಗುತ್ತಿರಲಿಲ್ಲ.

ನಾನು ಕಂಪ್ಯೂಟರ್ ಆಫ್ ಮಾಡಿದೆ. ಗಿರಿಜಾ ಅದರ ಮೇಲೆ ಹಳೇ ಸೀರೆಯ ತುಂಡು ಹೊದಿಸಿದ್ದಾಳೆ. ಈಗ ಸಂಜೆ ಅವನನ್ನು ಕಿಟಕಿಯ ಬಳಿ ಕೂರಿಸುತ್ತೇವೆ. ರಸ್ತೆ ನೋಡುತ್ತಾನೆ. ನತಾಶಾ ಫೋನು ಮಾಡಿದರೆ ಮಲಗಿದ್ದಾನೆ ಎಂದು ನನ್ನಿಂದ ಹೇಳಿಸುತ್ತಾನೆ. ಊಟ ಇಲ್ಲವೆಂಬಷ್ಟು ಕಡಿಮೆಯಾಗಿದೆ. ಡಾಕ್ಟರಲ್ಲಿ ಬೆರಳಿನ ಬಗ್ಗೆ ಕೇಳಿದರೆ ಅವರು ಬೆರಳಿನ ಬಗ್ಗೆ ಮಾತೇ ಆಡಲಿಲ್ಲ. ಉಸಿರಿನ ಬಗ್ಗೆ ಮಾತಾಡಿದರು.

ಶೈಲೇಶಾ, ನಾನು ಇಷ್ಟೆಲ್ಲ ಅಳಿಸಿ ಹಾಕಿ ಮಾಡಿದ್ದು, ಬದಲಾಗದ್ದು ಒಂದಾದರೂ ಈ ಮನೆಯಲ್ಲಿ ಇರಲಿ ಎಂದು. ಅವನು ನಮ್ಮ ಕಣ್ಣೆದುರೇ ಕಡಿಮೆಯಾಗುತ್ತಿದ್ದಾನೆ. ನನಗೆ ಏನು ಮಾಡುವುದೆಂದು ಗೊತ್ತಾಗುತ್ತಿಲ್ಲ. ಏನಾದರೂ ಹೇಳು. ಕೇಳಲು ನನಗೆ ಬೇರೆ ಯಾರೂ ಇಲ್ಲ.

ಬಾಲಚಂದ್ರ


ಹಡಗಿನಿಂದ
20 ಜನವರಿ 2026

ಮಾಷ್ಟ್ರೇ,

ನಿಮ್ಮ ಪತ್ರ ಓದಿ ಡೆಕ್ಕಿಗೆ ಹೋಗಿ ನಿಂತೆ. ಸುತ್ತ ನೀರು ಬಿಟ್ಟರೆ ಏನೂ ಇಲ್ಲ. ಇಳಿದು ಓಡಿ ಬರೋಣವೆಂದರೆ ನೆಲವೇ ಇಲ್ಲ. ನಾನು ಅತ್ತೆ, ಅದನ್ನು ನಿಮಗೆ ಹೇಳಲು ನಾಚಿಕೆ ಇಲ್ಲ.

ನಾವು ಮೂವರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಎರಡು ತಿಂಗಳು ಕಳೆದೆವು. ಅದರಲ್ಲಿ ನನ್ನ ಪಾಲು ಉಂಟು. ಅಭಿಗೆ ಕೊಟ್ಟ ಮಾತನ್ನು ಮುರಿಯಬೇಕಾದಾಗ ಮುರಿಯಲಿಲ್ಲ.

ಬೆರಳಿಗೆ ನನ್ನ ಹತ್ತಿರ ಮದ್ದಿಲ್ಲ. ಆದರೆ ಬಟನ್ ಬೆರಳಲ್ಲೇ ಇರಬೇಕೆಂದಿಲ್ಲ. ಅಭಿ ನಗುವಾಗ ಎಡಗೆನ್ನೆ ಮೇಲೆ ಏರುತ್ತದೆ, ರಜೆಯಲ್ಲಿ ನೋಡಿದ್ದೇನೆ. ಅಲ್ಲಿ ಬಲ ಇನ್ನೂ ಉಂಟು ಎಂದುಕೊಂಡಿದ್ದೇನೆ. ಆ ಬಟನ್ನಿನ ಒಳಗಿನ ತೆಳು ಪಟ್ಟಿಯನ್ನು ಬಿಚ್ಚಿ, ಕುರ್ಚಿಯ ತಲೆದಿಂಬಿನ ಪಕ್ಕದಿಂದ ಒಂದು ಕಡ್ಡಿಗೆ ಕಟ್ಟಿ, ಕೆನ್ನೆಗೆ ತಾಗಿಯೂ ತಾಗದ ಹಾಗೆ ನಿಲ್ಲಿಸಬೇಕು. ಯಾವ ವಯರ್ ಎಲ್ಲಿಗೆ ಎಂದು ಕೆಳಗೆ ಮಾತಿನಲ್ಲೇ ಬರೆದಿದ್ದೇನೆ, ಚಿತ್ರ ಹೋಗುವುದಿಲ್ಲ. ಇವಾನ್ ಫೋನು ಎತ್ತದಿದ್ದರೆ ಅಂಗಡಿಗೇ ಹೋಗಿ ಅವನ ಎದುರು ಕೂತುಕೊಳ್ಳಿ. ನೀವು ಎದುರು ಕೂತರೆ ಯಾರೂ ಕೆಲಸ ಮಾಡದೆ ಇರಲಾರರು, ಅದು ನನ್ನ ಅನುಭವ.

ಕೆನ್ನೆಯಲ್ಲಿ ಬಹಳ ಹೊತ್ತು ಹಗ್ಗ ಹಿಡಿಯಲು ಆಗಲಿಕ್ಕಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಯಾವ ಲಿನಕ್ಸ್ ಎಂಬ ಪ್ರಶ್ನೆ. ನಾನು ಬರುವುದು ಇನ್ನೂ ತಡ. ಅಲ್ಲಿಯವರೆಗೆ ಏನೂ ಕೆಡಬಾರದು ಎಂದಾದರೆ ಬದಲಾಗದ್ದೇ ಕ್ಷೇಮ, ನೀವೂ ನಿಶ್ಚಿಂತರಾಗಿರಬಹುದು. ಆದರೆ ಕೆನ್ನೆಯ ಪಟ್ಟಿಯ ಜಾಗ, ಬಲ ಸ್ವಲ್ಪ ಬದಲಿಸಬೇಕಾದರೂ ಅದರಲ್ಲಿ ಸುತ್ತುದಾರಿಯೇ. ಹಳೇ ಕ್ರಮದ್ದಾದರೆ ಒಳಗೆ ಹೋಗಿ ನೇರ ತಿದ್ದಬಹುದು, ಕೆಡುವ ಭಯ ಮಾತ್ರ ಇದ್ದೇ ಉಂಟು.

ನಾವಿಬ್ಬರು ಇಷ್ಟು ಪತ್ರ ಬರೆದೆವು ಮಾಷ್ಟ್ರೇ. ನಿನಗೆ ಯಾವುದು ಬೇಕು ಎಂದು ಅಭಿಯನ್ನು ಒಂದು ಸಲವೂ ಕೇಳಲಿಲ್ಲ.

ಶೈಲೇಶ್


ದೇರೆಬೈಲ್
8 ಫೆಬ್ರವರಿ 2026

ಶೈಲೇಶಾ,

ಕೇಳಿದೆ.

ಮೊದಲು ಅವನು ಯಾವುದೂ ಬೇಡ ಎಂದ. ಸೀರೆಯ ತುಂಡು ತೆಗೆಯಲು ಬಿಡಲಿಲ್ಲ. ಅಷ್ಟರಲ್ಲಿ ನಾನು ಬಲ್ಮಠದ ಅಂಗಡಿಯಲ್ಲಿ ಕೂತು ಇವಾನ್‌ನಿಂದ ಕೆನ್ನೆಯ ಪಟ್ಟಿ ಮಾಡಿಸಿ ತಂದಿದ್ದೆ, ಒತ್ತಿದರೆ ಬ್ಯಾಟರಿಯ ಪುಟ್ಟ ದೀಪ ಹೊತ್ತುವಂಥದ್ದು. ಅದನ್ನು ಕುರ್ಚಿಗೆ ಕಟ್ಟಿದರೆ ಮುಖ ತಿರುಗಿಸಿದ. ಆ ಒಂದು ಕೆಲಸಕ್ಕೆ ಅವನ ಕುತ್ತಿಗೆಯಲ್ಲಿ ಇನ್ನೂ ಶಕ್ತಿ ಉಂಟು. ನತಾಶಾ ಬಂದು ಅವನೆದುರು ನೆಲದ ಮೇಲೆ ಕೂತಳು. "ನೀನು ಹಿಡೀಲಿಕ್ಕೆ ಬೇಡ ಮಾರಾಯ. ನಾನು ಹಿಡೀತೇನೆ, ನೀನು ಹತ್ತು. ಇಷ್ಟು ದಿನ ಮೇಲೆ ಕೂತು ಆರ್ಡರ್ ಮಾಡಿದ್ದು ಸಾಕು" ಎಂದಳು. ಅವನಿಗೆ ನಗು ಬಂತು. ನಕ್ಕಾಗ ಪಟ್ಟಿಯ ದೀಪ ಹೊತ್ತಿತು. ಅದು ಅವನಿಗೂ ಕಾಣಿಸಿತ್ತು.

ಆಮೇಲೆ ಮತ್ತೆ ಕೇಳಿದೆ, ಬದಲಾಗದ್ದೋ ಹಳೇ ಕ್ರಮದ್ದೋ ಎಂದು.

"ಹಳೇದೇ ಇರ್ಲಿ ಅಪ್ಪ. ಈಗ ಕೆನ್ನೆ. ಆಮೇಲೆ ಹುಬ್ಬು, ಆಮೇಲೆ ಕಣ್ಣು. ಪ್ರತಿ ಸಲ ಒಳಗೆ ಹೋಗಿ ತಿದ್ಬೇಕಲ್ಲ? ನಾನು ಬದಲಾಗ್ತಾ ಇರುವಾಗ ಅದು ಬದಲಾಗುದಿಲ್ಲಾಂತ ಕೂತ್ರೆ ಹೇಗೆ?"

"ಕೆಟ್ಟುಹೋದ್ರೆ?"

"ನಿಮಗೆ ಈಗ ಹಾಕ್ಲಿಕ್ಕೆ ಬಾಯಿಪಾಠ ಆಗಿದೆಯಲ್ಲ. ಮತ್ತೆ," ಎಂದು ಸ್ವಲ್ಪ ಉಸಿರು ತೆಗೆದುಕೊಂಡ, "ನಿನ್ನೆಗೆ ಹೋಗ್ಬಹುದೂಂತ ದಿನಾ ಶುರುವಿಗೆ ಒಂದು ಪಟ್ಟಿ ಬರ್ತದಲ್ಲ ಅಪ್ಪ, ಅದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಆ ಪಟ್ಟಿಯಲ್ಲಿ ನಾನು ಎಷ್ಟು ಸಲ ನಿನ್ನೆಯನ್ನು ಆರಿಸಿದೆನೋ ಲೆಕ್ಕವಿಲ್ಲ. ಅವನು ಪ್ರತಿ ಸಲವೂ ಹಿಂದೆ ಕೂತು ನೋಡುತ್ತಿದ್ದ.

ಹಳೇ ಕ್ರಮದ್ದು ಹೇಗೂ ಅದರಲ್ಲಿ ಇತ್ತು. ನೀನು ಬರೆದಂತೆ ಒಳಗೆ ಹೋಗಿ ತಿದ್ದಿದೆ. ಅವನು ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ. ಎರಡು ಕಡೆ ತಪ್ಪಿದೆ, ಎರಡು ಕಡೆಯೂ ಅವನೇ ಹಿಡಿದ.

ನಿನ್ನೆ ಸಂಜೆ ಹತ್ತಿದರು. ಮೇಲೆ ನತಾಶಾ, ಹಗ್ಗದ ಕೆಳತುದಿಯಲ್ಲಿ ಅಭಿ. ಅಳಿಸಿಹೋದ ಆ ದಾರಿಯನ್ನು ಅವನು ಬಾಯಲ್ಲಿ ಹೇಳುತ್ತಿದ್ದ, ಉಳಿದವರು ಹಾಗೆಯೇ ಕಾಲಿಡುತ್ತಿದ್ದರು. ಅವನು ತುಂಬಾ ನಿಧಾನ. ಒಂದು ಹೆಜ್ಜೆ ಹತ್ತಿ ಬಹಳ ಹೊತ್ತು ನಿಲ್ಲುತ್ತಾನೆ. ಒಂದು ಕಡೆ ಕೆನ್ನೆ ಸೋತು ಜಾರಿದ. ನಾನು ಎದ್ದು ನಿಂತುಬಿಟ್ಟೆ. ಹಗ್ಗ ಬಿಗಿಯಾಯಿತು, ಅವನು ಗಾಳಿಯಲ್ಲಿ ತೂಗಾಡುತ್ತಾ ನೇತಾಡಿದ. ಆ ಹುಡುಗಿ ಬಿಡಲಿಲ್ಲ. ಶಿಖರ ಬಹಳ ದೂರ ಉಂಟು, ಅವನು ಅಲ್ಲಿಗೆ ಮುಟ್ಟುತ್ತಾನೆಂದು ನನಗೆ ನಂಬಿಕೆ ಇಲ್ಲ. ಅವನಿಗೂ ಇಲ್ಲವೆಂದು ಕಾಣುತ್ತದೆ. ಆಟ ಮುಗಿದ ಮೇಲೆ ಗಂಜಿ ಕೇಳಿದ.

ನೀನು ಕೇಳದಿದ್ದರೂ ಪರೀಕ್ಷೆಯ ಫೈಲು ಇದರ ಜೊತೆಗೆ ಕಳಿಸುತ್ತಿದ್ದೇನೆ. ಇಂದು ಬೆಳಿಗ್ಗೆಯದ್ದು. ಹೆಚ್ಚಿನ ಸಾಲುಗಳು ಖಾಲಿ ಇವೆ. ಕೊನೆಕೊನೆಗೆ ಬರೀ ಖಾಲಿಯೇ. ಅವನು ಸುಸ್ತಾಗಿ ಕಣ್ಣು ಮುಚ್ಚಿದ್ದಾಗ ನನ್ನ ಕೈ ತಾನಾಗಿ ಕೆನ್ನೆಯ ಪಟ್ಟಿಯ ಹತ್ತಿರ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

ನಡುನಡುವೆ ಕೆಲವು ಸಾಲು ತುಂಬಿವೆ, ನೋಡು. ಅಷ್ಟನ್ನೂ ಒತ್ತಿದ್ದು ಅಭಿ.

ಬಾಲಚಂದ್ರ